ಗೌರಿಯ ಎಂಟನೆಯ ಕಾಲು

ಹೋದ ಭಾನುವಾರ ತುಮಕೂರು ರಸ್ತೆಯ ಬದಿಯ ನರ್ಸರಿಯಲ್ಲಿ ಕರಿಬೇವಿನ ಸಸಿ ಕೊಳ್ಳಲು ನಿಂತಿದ್ದೆ. ಅಲ್ಲಿನ ಕೆಲಸದಾಕೆ ಇಟ್ಟಿಗೆಯಂತೆ ಒತ್ತಿ ಮಾಡಿದ ತೆಂಗಿನ ನಾರಿನ ಪುಡಿಯನ್ನು ಬಕೆಟ್ಟಿನ ನೀರಿಗೆ ಹಾಕಿದಳು. ಅದು ನೀರು ಕುಡಿದು ನಿಧಾನವಾಗಿ ಉಬ್ಬತೊಡಗಿತು. ಆಮೇಲೆ ಅದರ ವಾಸನೆ ಬಂತು. ಒದ್ದೆ ನಾರು, ಸ್ವಲ್ಪ ಮಣ್ಣು, ಒಂದಿಷ್ಟು ಹಳೆಯ ಗೋಣಿಚೀಲ. ನನಗೆ ತಿಳಿಯದಂತೆಯೇ ನನ್ನ ಎಡಗೈ ಹೋಗಿ ಬಲ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

"ಏನಾಯ್ತು ಸಾರ್, ಇರುವೆ ಕಚ್ತಾ?" ಎಂದಳು ಆಕೆ.

ಇಲ್ಲ ಎಂದೆ. ಸಸಿಯ ಜೊತೆ ಆ ಪುಡಿಯನ್ನೂ ಒಂದು ಇಟ್ಟಿಗೆಯಷ್ಟು ಕೊಂಡು ಮನೆಗೆ ಬಂದೆ. ಹೆಂಡತಿ ನೋಡಿ ನಕ್ಕಳು.

ಆ ವಾಸನೆ ಹೋದ ವರ್ಷ ನಾವು ನಾಗಸಂದ್ರದ ಬಾಡಿಗೆ ಮನೆಯಲ್ಲಿದ್ದಾಗಿನದು. ಆಷಾಢದಿಂದ ದೀಪಾವಳಿಯವರೆಗಿನ ನಾಲ್ಕು ತಿಂಗಳು.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ತಯಾರಾದ ಬಿಡಿಭಾಗಗಳನ್ನು ವರ್ನಿಯರ್‌ನಲ್ಲಿ ಅಳೆದು, ಸರಿ ಇದ್ದದ್ದನ್ನು ಒಂದು ಕಡೆಗೆ, ಇಲ್ಲದ್ದನ್ನು ಇನ್ನೊಂದು ಕಡೆಗೆ ಇಡುವುದು. ಆ ಆಷಾಢದ ಒಂದು ಮಧ್ಯಾಹ್ನ ಕ್ರೇನಿನ ಪಟ್ಟಿ ಜಾರಿ, ಮುನ್ನೂರು ಕಿಲೋ ತೂಕದ ಅಚ್ಚು ನನ್ನ ಮುಂದೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅಚ್ಚು ಬಿದ್ದ ಜಾಗದಿಂದ ನನ್ನ ಶೂಗಳ ತುದಿಗೆ ಎಷ್ಟು ದೂರ ಎಂದು ನಾನೇ ಟೇಪು ಹಿಡಿದು ಅಳೆದೆ. ನಲವತ್ತೊಂದು ಸೆಂಟಿಮೀಟರ್. ಅಳೆಯುವಾಗ ಕೈ ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ವರ್ನಿಯರ್ ಎತ್ತಿಕೊಂಡಾಗ ಬಲಗೈ ನಡುಗಿತು. ಮಧ್ಯಾಹ್ನಕ್ಕೂ ನಿಲ್ಲಲಿಲ್ಲ. ಒಂದು ವಾರ ನೋಡಿದರು. ನಾನು ಅಳೆದ ಒಂದೇ ತುಂಡಿಗೆ ಮೂರು ಸಲ ಮೂರು ಅಳತೆ ಬಂತು. ಡಾಕ್ಟರು, ನರಗಳಿಗೆ ಏನೂ ಆಗಿಲ್ಲ, ಹೆದರಿಕೆ ಕೈಗೆ ಇಳಿದಿದೆ, ತಾನಾಗಿ ಹೋಗುತ್ತದೆ ಎಂದರು. ಯಾವಾಗ ಎಂದು ಹೇಳಲಿಲ್ಲ. ಕಾರ್ಖಾನೆಯವರು ದಸರೆಯವರೆಗೆ ರಜೆ ಕೊಟ್ಟರು.

ಹಾಗೆ ಮನೆಯಲ್ಲಿ ಉಳಿದೆ, ಹೆಂಡತಿಯ ಹುಳುಗಳ ಜೊತೆ.

ರೇಖಾ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದಾಳೆ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಹೋಗಿ ಬರುತ್ತಿದ್ದಳು. ಆ ವರ್ಷವೇ ನಮ್ಮ ಮದುವೆಯಾಗಿತ್ತು. ಅವಳ ಜೊತೆ ಎರಡು ಸೂಟ್‌ಕೇಸ್, ಒಂದು ಮಿಕ್ಸಿ ಮತ್ತು ಆರು ಪ್ಲಾಸ್ಟಿಕ್ ಡಬ್ಬಿಗಳು ಬಂದವು. ಮೂರರಲ್ಲಿ ಟರಾಂಟುಲಾ ಜಾತಿಯ ದೊಡ್ಡ ಜೇಡಗಳು, ಎರಡರಲ್ಲಿ ಕಡ್ಡಿಹುಳಗಳು, ಒಂದರಲ್ಲಿ ಕೈಮುಗಿದು ಕೂತಂತೆ ಕೂರುವ ಹಸಿರು ಸೂರ್ಯನ ಕುದುರೆ. ಜೇಡಗಳಲ್ಲಿ ದೊಡ್ಡದು ಗೌರಿ. ಕಾಲು ಚಾಚಿದರೆ ಅಂಗೈ ತುಂಬುವಷ್ಟು, ಕಂದು ಮೈ, ಸುರುಳಿ ಸುರುಳಿ ಕೂದಲು. ಸಾಕುವವರೊಬ್ಬರ ಮನೆಯಲ್ಲೇ ಹುಟ್ಟಿದ್ದು. ರೇಖಾಳ ಮನೆಗೆ ಗೌರಿಹಬ್ಬದ ದಿನ ಬಂದದ್ದರಿಂದ ಆ ಹೆಸರು. ಹೆಣ್ಣೋ ಗಂಡೋ ಅವಳಿಗೂ ಖಚಿತವಿರಲಿಲ್ಲ. ಅದು ಕಳಚಿದ ಪೊರೆಯನ್ನು ನೋಡಿಯೇ ತಿಳಿಯಬೇಕಂತೆ.

ನಾನು ಆ ಡಬ್ಬಿಗಳಿಗೆ ಹೆದರುತ್ತಿದ್ದೆ. ಆದರೆ ದಿನವಿಡೀ ಮನೆಯಲ್ಲಿ ಸುಮ್ಮನೆ ಕೂರುವವನು ಏನಾದರೂ ಮಾಡಬೇಕಲ್ಲ. ಶ್ರಾವಣದ ಒಂದು ಬೆಳಿಗ್ಗೆ, "ನೀರು ನಾನು ಹಾಕ್ತೀನಿ ಬಿಡು" ಎಂದೆ. ಅವಳು ಹೋದ ಮೇಲೆ ಗೌರಿಯ ಡಬ್ಬಿಯ ಮುಚ್ಚಳ ತೆಗೆದೆ. ಬಟ್ಟಲಿಗೆ ನೀರು ತುಂಬಿದೆ. ಮುಚ್ಚಳ ಮುಚ್ಚುವಾಗ ಕೈ ನಡುಗಿ ಅದು ಜಾರಿತು. ಗೋಡೆ ಹತ್ತುತ್ತಿದ್ದ ಗೌರಿಯ ಒಂದು ಕಾಲು ಮುಚ್ಚಳದ ಅಂಚಿಗೆ ಸಿಕ್ಕಿತು. ನಾನು ಮುಚ್ಚಳ ಎತ್ತುವುದರೊಳಗೆ ಅವಳು ಕಾಲನ್ನು ಬುಡದಲ್ಲೇ ಬಿಟ್ಟುಕೊಟ್ಟು ಮೂಲೆಗೆ ಸರಿದಿದ್ದಳು. ಬಲಗಡೆಯ ಎರಡನೆಯ ಕಾಲು. ಅದು ಡಬ್ಬಿಯ ತಳಕ್ಕೆ ಹಾಸಿದ್ದ ಒದ್ದೆ ತೆಂಗಿನ ನಾರಿನ ಪುಡಿಯ ಮೇಲೆ ಬಿದ್ದು ಎರಡು ಸಲ ಮಡಚಿ ಬಿಚ್ಚಿತು.

ಸಂಜೆ ರೇಖಾ ಬಂದಾಗ ನಾನು ಅದನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ. ಅವಳು ಬೈಯಲಿಲ್ಲ. ಚೀಲ ಇಳಿಸದೆಯೇ ಡಬ್ಬಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ರಕ್ತ ನಿಂತಿದೆ ರೀ. ಮುಂದಿನ ಪೊರೆ ಬಿಡುವಾಗ ಹೊಸ ಕಾಲು ಬರುತ್ತೆ."

"ಖಂಡಿತ ಬರುತ್ತಾ?"

"ಪೊರೆ ಸರಿಯಾಗಿ ಕಳಚಿದ್ರೆ ಬರುತ್ತೆ. ಕೆಲವು ಸಲ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಸತ್ತೂ ಹೋಗ್ತವೆ." ಆಮೇಲೆ ನನ್ನ ಮುಖ ನೋಡಿ, "ನೀವು ಊಟ ಮಾಡಿದ್ರಾ?" ಎಂದಳು.

ಅಂದಿನಿಂದ ನನಗಿದ್ದದ್ದು ಅದೊಂದೇ ಯೋಚನೆ. ಆ ಪೊರೆ ಯಾವಾಗ ಬಿಡುತ್ತದೆ, ಕಾಲು ಬರುತ್ತದೆಯೋ ಇಲ್ಲವೋ. ದಿನಾ ಬೆಳಿಗ್ಗೆ ಡಬ್ಬಿಯ ಮುಂದೆ ಕೂತು ನೋಡುತ್ತಿದ್ದೆ. ನೋಡುವುದು ನನಗೆ ಅಭ್ಯಾಸವಾದ ಕೆಲಸವೇ. ಭಾದ್ರಪದದ ಮಳೆ ಶುರುವಾದಾಗ ಸೂರ್ಯನ ಕುದುರೆ ಪೊರೆ ಬಿಟ್ಟಿತು. ಡಬ್ಬಿಯ ಮೇಲಿನ ಬಲೆಗೆ ಹಿಂಗಾಲಿನಲ್ಲಿ ತಲೆಕೆಳಗಾಗಿ ನೇತುಬಿದ್ದು, ಬೆನ್ನು ಸೀಳಿಕೊಂಡು, ತನ್ನೊಳಗಿನಿಂದ ತಾನೇ ಕೆಳಕ್ಕೆ ಜಾರಿತು. ಕೊನೆಗೆ ಬಾಲದ ತುದಿ ಮಾತ್ರ ಸಿಕ್ಕಿಕೊಂಡಿರುವಾಗ ಒಂದು ಸಲ ಮೇಲಕ್ಕೆ ಬಾಗಿ ತನ್ನದೇ ಚರ್ಮವನ್ನು ಹಿಡಿದುಕೊಂಡು ನಿಂತಿತು. ಇಪ್ಪತ್ತೆರಡು ನಿಮಿಷ. ನಾನು ಕಾಫಿ ಆರಲು ಬಿಟ್ಟು ನೋಡಿದೆ. ಆ ದಿನವೆಲ್ಲ ನನಗೆ ಕಾರಣವಿಲ್ಲದೆ ಖುಷಿಯಾಗಿತ್ತು. ಸಂಜೆ ರೇಖಾಳನ್ನು ಕರೆತರಲು ಮೆಟ್ರೊ ನಿಲ್ದಾಣದವರೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಕೈಯಾಡಿಸಿ ವಿವರಿಸಿದೆ. ಕೈ ನಡುಗುತ್ತಲೇ ಇತ್ತು, ಆದರೆ ಅದು ವಿವರಣೆಯೊಳಗೆ ಸೇರಿಹೋಯಿತು.

ಗೌರಿ ಮಾತ್ರ ಪೊರೆ ಬಿಡುವ ಸೂಚನೆ ಕೊಡಲಿಲ್ಲ. ಕೊಟ್ಟ ಸೂಚನೆ ಒಂದೇ, ತಿನ್ನುವುದನ್ನು ನಿಲ್ಲಿಸಿದಳು.

ಇದು ಮನೆಯ ಮಾಲೀಕರಾದ ಪುಟ್ಟತಾಯಮ್ಮನವರಿಗೆ ಸಹಿಸಲಾಗದ ಸಂಗತಿಯಾಯಿತು. ನಾಗಸಂದ್ರ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ. ನಮ್ಮ ಕಟ್ಟಡ ಇದ್ದ ಜಾಗದಲ್ಲಿ ಮೊದಲು ಅವರ ರಾಗಿ ಹೊಲವಿತ್ತು. ಈಗ ನೆಲಮಹಡಿಯಲ್ಲಿ ಅವರ ಮಗ ನಾಗರಾಜನ ವರ್ಕ್‌ಶಾಪು, ಮೊದಲ ಮಹಡಿಯಲ್ಲಿ ಅವರು, ಎರಡನೆಯದರಲ್ಲಿ ನಾವು. ವರ್ಕ್‌ಶಾಪಿನ ಪವರ್ ಪ್ರೆಸ್ಸು ತಗಡಿನಿಂದ ವಾಷರ್ ಹೊಡೆಯುತ್ತಿತ್ತು. ಒಂದೊಂದು ಹೊಡೆತಕ್ಕೂ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಪುಟ್ಟತಾಯಮ್ಮನವರಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಹೂವನ್ನು ಬೆರಳಿನಲ್ಲೇ ಮುಟ್ಟಿ ನೋಡಿ ಕಟ್ಟುತ್ತಿದ್ದರು. ದಿನಾ ಹನ್ನೊಂದಕ್ಕೆ ಮೇಲೆ ಬಂದು, ನಮ್ಮ ಬಾಗಿಲು ತಳ್ಳಿ, ಕುರ್ಚಿ ಎಳೆದುಕೊಂಡು ಕೂರುವರು.

"ಏನ್ ಮಂಜಣ್ಣ, ಗೌರಮ್ಮ ಉಂಡ್ಳಾ?"

"ಇಲ್ಲಮ್ಮ. ಪೊರೆ ಬಿಡೋ ಮುಂಚೆ ತಿನ್ನಲ್ವಂತೆ."

"ಯಾರ್ ಏಳಿದ್ದು?"

"ರೇಖಾ."

"ಅವ್ಳೂ ಅಂಗೇ, ಬೆಳಿಗ್ಗೆ ಏನೂ ತಿನ್ದೆ ಓಡ್ತಾಳೆ. ಸಾಕಿದೋರಂಗೇ ಸಾಕಿದ್ದೂವೆ."

ಗೌರಿಯ ಆಹಾರ ಚಿಮ್ಮಂಡೆಗಳು, ಸಂಜೆಯಾದರೆ ಕಿರ್ ಎನ್ನುವ ಕಂದು ಹುಳುಗಳು. ಬಾಲ್ಕನಿಯ ಟಬ್ಬಿನಲ್ಲಿ ಮೊಟ್ಟೆಯ ಟ್ರೇಗಳನ್ನಿಟ್ಟು, ಕ್ಯಾರೆಟ್ ಹಾಕಿ ಸಾಕುತ್ತಿದ್ದೆವು. ಅವನ್ನು ಹೇಗೆ ಹಿಡಿದು ಒಳಗೆ ಬಿಡುವುದೆಂದು ಪುಟ್ಟತಾಯಮ್ಮ ಎಷ್ಟೋ ಸಲ ಪಕ್ಕದಲ್ಲಿ ಕೂತು ಕೇಳಿ ತಿಳಿದಿದ್ದರು. ನಾನು ಅವರಿಗೆ ಎಲ್ಲವನ್ನೂ ಹೇಳಿದ್ದೆ. ಪೊರೆ ಬಿಡುವ ಹೊತ್ತಿಗೆ ಒಳಗೆ ಒಂದೂ ಚಿಮ್ಮಂಡೆ ಇರಬಾರದು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ತೋಚಿರಲಿಲ್ಲ.

ಆಯುಧಪೂಜೆ ಬಂತು. ಆ ದಿನ ಪೀಣ್ಯ, ನಾಗಸಂದ್ರದ ಸುತ್ತಮುತ್ತ ಸದ್ದು ನಿಲ್ಲುತ್ತದೆ. ಲೇತುಗಳು, ಪ್ರೆಸ್ಸುಗಳು, ಗ್ರೈಂಡರುಗಳು ಮೈ ತೊಳೆದುಕೊಂಡು, ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಸುಮ್ಮನೆ ನಿಂತಿರುತ್ತವೆ. ರೇಖಾ ಲ್ಯಾಬಿನ ಪೂಜೆ ಮುಗಿಸಿ ಮಧ್ಯಾಹ್ನಕ್ಕೆ ಬರುತ್ತೇನೆಂದು ಹೋಗಿದ್ದಳು. ನನ್ನ ಸ್ಕೂಟರಿಗೆ ನಾಗರಾಜನ ವರ್ಕ್‌ಶಾಪಿನ ಮುಂದೆಯೇ ಪೂಜೆ. ಕೆಳಗೆ ಹೋಗಿ ಮುಕ್ಕಾಲು ಗಂಟೆ ಇದ್ದೆ. ಮೇಲೆ ಬಂದಾಗ ಪುಟ್ಟತಾಯಮ್ಮ ನಮ್ಮ ಮನೆಯಲ್ಲಿದ್ದರು. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ, ಆರು ಡಬ್ಬಿಗಳ ಮುಚ್ಚಳಕ್ಕೂ ಕುಂಕುಮ ಇಟ್ಟಿದ್ದರು.

"ಗೌರಮ್ಮಂಗೂ ಊಟ ಆಯ್ತು ಕಣಪ್ಪ," ಎಂದರು ಸಮಾಧಾನದಿಂದ. "ಮೂರು ಉಳ ಬಿಟ್ಟಿವ್ನಿ. ಅಬ್ಬದ್ ದಿನ ನಾವೆಲ್ಲ ಒಬ್ಬಟ್ಟು ತಿನ್ನೋವಾಗ ಮನೇಲಿರೋ ಜೀವ ಅಸ್ಕೊಂಡಿರ್ಬಾರ್ದು."

ನಾನು ಬಗ್ಗಿ ನೋಡಿದೆ. ಗೌರಿ ಬಿಳಿ ರೇಷ್ಮೆಯ ಚಾಪೆಯೊಂದನ್ನು ನೆಯ್ದು, ಅದರ ಮೇಲೆ ಅಂಗಾತ ಮಲಗಿದ್ದಳು. ಏಳು ಕಾಲುಗಳು ಮೇಲಕ್ಕೆ. ಚಿಮ್ಮಂಡೆಗಳು ಅವಳ ಸುತ್ತ ಓಡಾಡುತ್ತಿದ್ದವು. ಪುಟ್ಟತಾಯಮ್ಮನವರ ಮಂಜುಗಣ್ಣಿಗೆ ಅವಳು ಮಗುಚಿರುವುದು ಕಂಡಿರಲಿಲ್ಲ.

ಫೋನು ಮಾಡಿದೆ. ಆ ಕಡೆಯಿಂದ ಪೂಜೆಯ ಗಂಟೆ ಕೇಳುತ್ತಿತ್ತು.

"ಬೆನ್ನ ಮೇಲೆ ಮಲಗಿದೆಯಾ?" ಎಂದಳು ರೇಖಾ. "ಸತ್ತಿಲ್ಲ ರೀ, ಪೊರೆ ಬಿಡ್ತಿದೆ. ಮುಟ್ಟಬೇಡಿ. ಡಬ್ಬಿ ಅಲುಗಾಡಿಸಬೇಡಿ."

"ಒಳಗೆ ಮೂರು ಚಿಮ್ಮಂಡೆ ಇದೆ."

ಗಂಟೆಯ ಸದ್ದು ದೂರವಾಯಿತು. ಅವಳು ಹೊರಗೆ ಬಂದಿರಬೇಕು. "ತೆಗೀರಿ. ಈಗಲೇ ತೆಗೀರಿ. ಪೊರೆ ಬಿಟ್ಟಾಗ ಅದರ ಮೈ ಗಿಣ್ಣಿನಷ್ಟು ಮೆತ್ತಗಿರುತ್ತೆ. ಅವು ಕಚ್ಚಿ ತಿಂದ್ಬಿಡ್ತವೆ."

"ನನ್ನ ಕೈ ರೇಖಾ..."

"ಗೊತ್ತು. ನಾನು ಬರೋಕೆ ಒಂದೂವರೆ ಗಂಟೆ ಆಗುತ್ತೆ. ನಿಧಾನವಾಗಿ ಮಾಡಿ."

ಪುಟ್ಟತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಮುಖ ಸಣ್ಣದಾಯಿತು. "ನಾನ್ ಮಾಡಿದ್ದಾ ಇದು?" ಎಂದರು. ನಾನು, ಹೇಳದೆ ಇದ್ದದ್ದು ನನ್ನ ತಪ್ಪು ಎಂದೆ. ಅದು ನಿಜವೂ ಆಗಿತ್ತು.

ಹುಳುಗಳನ್ನು ಅಟ್ಟಿಸಿಕೊಂಡು ಹೋದರೆ ಅವು ಗೌರಿಯ ಮೇಲೆಯೇ ಹಾರುತ್ತವೆ. ಅವೇ ಬರಬೇಕು. ಚಿಮ್ಮಂಡೆಗೆ ಕತ್ತಲೆಯ ಸಂದು ಬೇಕು, ಒದ್ದೆ ಬೇಕು. ಮೊಟ್ಟೆಯ ಟ್ರೇಯ ಒಂದು ಗುಂಡಿಯಷ್ಟನ್ನು ಕತ್ತರಿಸಿ, ಒಳಗೆ ಕ್ಯಾರೆಟ್ ತುಂಡು ಸಿಕ್ಕಿಸಿದೆ. ಪುಟ್ಟತಾಯಮ್ಮ ಸೆರಗಿನ ತುದಿಗೆ ಸುತ್ತಿದ್ದ ಹೂವಿನ ದಾರವನ್ನು ಬಿಚ್ಚಿ, ಅದಕ್ಕೆ ಕಟ್ಟಿಕೊಟ್ಟರು. ಮೆಲ್ಲಗೆ ಡಬ್ಬಿಯ ದೂರದ ಮೂಲೆಗೆ ಇಳಿಸಿದೆವು. ದಾರ ಹಿಡಿದದ್ದು ಅವರು. ಏಳು ನಿಮಿಷಕ್ಕೆ ಒಂದು ಒಳಹೊಕ್ಕಿತು. ಹದಿನಾಲ್ಕನೆಯ ನಿಮಿಷಕ್ಕೆ ಇನ್ನೊಂದು. "ಎತ್ತಿ" ಎಂದೆ. ಎತ್ತಿದರು, ಅಲುಗಾಡದಂತೆ.

ಮೂರನೆಯದು ಬರಲಿಲ್ಲ. ಅದು ಗೌರಿಯ ಪಕ್ಕೆಗೆ ಒತ್ತಿಕೊಂಡು ಕೂತು ಮೀಸೆಯಾಡಿಸುತ್ತಿತ್ತು. ಅಷ್ಟರಲ್ಲಿ ಗೌರಿಯ ಬದಿಯಲ್ಲಿ ಒಂದು ಗೆರೆ ಬಿರಿದದ್ದು ಕಂಡಿತು. ಗೆರೆಯ ಒಳಗೆ ಬಿಳುಪು.

ಆಗ ಕೆಳಗಿನಿಂದ ನಾಗರಾಜನ ದನಿ ಕೇಳಿತು. "ಎಲ್ಲಾ ಹಿಂದೆ ಸರ್ಕೊಳ್ರಪ್ಪಾ, ಮಿಷಿನ್ ಆನ್ ಮಾಡ್ತೀನಿ." ಪೂಜೆಯಾದ ಮೇಲೆ ಯಂತ್ರವನ್ನು ಒಂದೇ ಒಂದು ಹೊಡೆತ ಓಡಿಸಿ ನಿಲ್ಲಿಸುವುದು ಅವರ ಪದ್ಧತಿ. ನನಗೆ ಲೋಟಗಳ ನೆನಪಾಯಿತು.

ಪುಟ್ಟತಾಯಮ್ಮ ಆ ವಯಸ್ಸಿನಲ್ಲಿ ಬಾಲ್ಕನಿಗೆ ಹೋದ ವೇಗವನ್ನು ನಾನು ಮರೆಯಲಾರೆ.

"ಲೋ ನಾಗರಾಜ, ಮಿಷಿನ್ ಮುಟ್ಟಬ್ಯಾಡ ಕಣೋ. ಮೇಲೆ ಎರಿಗೆ ಆಯ್ತಾ ಐತೆ."

ಕೆಳಗಿನಿಂದ ನಾಗರಾಜ, "ಯಾರ್ಗವ್ವಾ? ರೇಖಕ್ಕ ಬೆಳಿಗ್ಗೆ ಡ್ಯೂಟಿಗೆ ಹೋದ್ರಲ್ಲ?"

"ಗೌರಮ್ಮಂಗೆ ಕಣೋ. ಬಾಯ್ ಮುಚ್ಕೊಂಡು ನಿಂತ್ಕೊ."

ಅವರು ವಾಪಸು ಬಂದಾಗ ನಾನು ಉದ್ದನೆಯ ಚಿಮುಟವನ್ನು ಕೈಯಲ್ಲಿ ಹಿಡಿದಿದ್ದೆ. ಅದರ ತುದಿ ಅರ್ಧ ಇಂಚು ಅತ್ತಿತ್ತ ಆಡುತ್ತಿತ್ತು. ಚಿಮ್ಮಂಡೆಗೂ ಗೌರಿಗೂ ನಡುವೆ ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಶ್ರಾವಣದಲ್ಲಿ ಒಂದು ಕಾಲು ತೆಗೆದ ಕೈ ಇದು. ಇನ್ನೊಂದು ಸಲ ಜಾರಿದರೆ ಉಳಿಯುವುದು ಏನೂ ಇಲ್ಲ.

"ನಂಗೆ ಆಗಲ್ಲಮ್ಮ. ನೀವು ಹಿಡೀರಿ."

"ನಂಗೆ ಕಾಣಾಕಿಲ್ವಲ್ಲಪ್ಪ," ಎಂದರು. ಆಮೇಲೆ ನನ್ನ ಹಿಂದೆ ನಿಂತು, ಎರಡೂ ಕೈಗಳಿಂದ ನನ್ನ ಬಲ ಮಣಿಕಟ್ಟನ್ನು ಹಿಡಿದರು. ನೀರು ಸೇದಿದ, ಹಸು ಕರೆದ, ರಾಗಿ ಬೀಸಿದ ಕೈಗಳು. ಬಿಗಿಯಾಗಿ, ಬೆಚ್ಚಗೆ. "ಏನ್ ಕೈಯಪ್ಪ ನಿಂದು, ಕಾಗೆ ರೆಕ್ಕೆ ಬಡ್ದಂಗೆ. ನಾನ್ ಇಡ್ಕೊಂಡಿವ್ನಿ. ನೀನ್ ನೋಡ್ಕೊ ಸಾಕು."

ನಡುಕ ನಿಲ್ಲಲಿಲ್ಲ. ಅದು ಅವರ ಬೆರಳುಗಳೊಳಗೆ ಹೋಗಿ ಅಲ್ಲೇ ಉಳಿಯಿತು. ಚಿಮುಟದ ತುದಿಗೆ ಬಂದದ್ದು ಬಹಳ ಕಡಿಮೆ. ನಾನು "ಕೆಳಗೆ" ಎಂದರೆ ಅವರು ಇಳಿಸಿದರು, "ಸಾಕು" ಎಂದರೆ ನಿಲ್ಲಿಸಿದರು. ಚಿಮ್ಮಂಡೆಯ ಹಿಂಗಾಲು ಸಿಕ್ಕಿತು. ಒತ್ತಿದೆ. "ಮೇಲೆ" ಎಂದೆ. ಗೌರಿಯ ಒಂದು ಕೂದಲೂ ಅಲ್ಲಾಡಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಅವರು ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ನಾಗರಾಜ, ಅವನ ಪ್ರೆಸ್ ನಡೆಸುವ ಬಸವರಾಜ, ಹಣೆಯಲ್ಲಿ ಕುಂಕುಮ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಬಸವರಾಜ ಕೊಪ್ಪಳದ ಕಡೆಯವನು, ನನಗಿಂತ ಹಿರಿಯ. ಬೂಟು ಹೊರಗೆ ಬಿಟ್ಟು, ಹೆಜ್ಜೆಯ ಸದ್ದಾಗದಂತೆ ಒಳಗೆ ಬಂದ.

"ಹಡದೈತೇನ್ರೀ ಸರ?" ಎಂದ ಪಿಸುದನಿಯಲ್ಲಿ.

"ಇನ್ನೂ ಇಲ್ಲ. ತನ್ನನ್ನೇ ಹಡೀತಿದೆ."

ನಾಲ್ವರೂ ಡಬ್ಬಿಯ ಬದಿಯಿಂದ ನೋಡಿದೆವು. ಗೌರಿಯ ಬೆನ್ನಿನ ಗಟ್ಟಿ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬಿಚ್ಚಿಕೊಂಡಿತು. ಕಾಲುಗಳು ಒಟ್ಟಿಗೇ, ಒಂದು ತಳ್ಳು, ಒಂದು ವಿರಾಮ, ಮತ್ತೆ ಒಂದು ತಳ್ಳು, ಹೀಗೆ ಹಳೆಯ ಕಾಲುಗಳೊಳಗಿಂದ ಹೊರಗೆ ಬರತೊಡಗಿದವು. ವಿರಾಮಗಳು ಉದ್ದವಾಗಿದ್ದವು. ಒಂದು ವಿರಾಮ ಐದು ನಿಮಿಷವಾಯಿತು. "ಸಿಕ್ಕಾಕ್ಕೊಂತಾ?" ಎಂದ ನಾಗರಾಜ. ಮತ್ತೆ ತಳ್ಳಿತು. ಬೀದಿಯಲ್ಲಿ ಯಾರೋ ಕುಂಬಳಕಾಯಿ ಒಡೆದರು. ಅದನ್ನು ಬಿಟ್ಟರೆ ಸದ್ದಿಲ್ಲ. ಬೇರೆ ಯಾವ ದಿನವಾಗಿದ್ದರೂ ಆ ಹೊತ್ತಿಗೆ ಸುತ್ತಲಿನ ನೂರು ಯಂತ್ರಗಳು ನೆಲ ಅದುರಿಸುತ್ತಿದ್ದವು.

ರೇಖಾ ಬಂದಾಗ ಗೌರಿ ಪೂರ್ತಿ ಹೊರಗೆ ಬಂದು, ಪಕ್ಕಕ್ಕೆ ಮಲಗಿ ಕಾಲುಗಳನ್ನು ಹರಡುತ್ತಿದ್ದಳು. ಮೈ ನಸುಗೆಂಪು ಬಿಳುಪು. ಕೋರೆಹಲ್ಲುಗಳು ಹಾಲಿನ ಬಣ್ಣ. ಪಕ್ಕದಲ್ಲಿ ಅವಳದೇ ಇನ್ನೊಂದು ಗೌರಿ, ಟೊಳ್ಳು, ಕಂದು, ಏಳು ಕಾಲಿನದು. ರೇಖಾ ಕೈಯಲ್ಲಿ ಆಫೀಸಿನ ಸಿಹಿ ಡಬ್ಬಿ ಹಿಡಿದೇ ಬಗ್ಗಿದಳು. ನಾನು ಎಣಿಸಲಿಲ್ಲ. ಎಣಿಸಲು ಧೈರ್ಯವಾಗಲಿಲ್ಲ.

ಎಣಿಸಿದವನು ಬಸವರಾಜ, ಬೆರಳು ಮಡಚುತ್ತಾ. "ಎಂಟ ಅದಾವ್ ನೋಡ್ರಿ. ಒಂದು ಸಣ್ಣದೈತಿ."

ಸಣ್ಣದೇ. ಉಳಿದವುಗಳ ಮುಕ್ಕಾಲು ಉದ್ದ, ತೆಳ್ಳಗೆ, ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಆದರೆ ಬಲಗಡೆಯ ಎರಡನೆಯ ಜಾಗದಲ್ಲಿ, ಗಂಟು ಗಂಟಾಗಿ, ತುದಿಯಲ್ಲಿ ಉಗುರಿನ ಸಮೇತ ಇತ್ತು. ನಾನು ನಗತೊಡಗಿದೆ. ರೇಖಾಳೂ ನಕ್ಕಳು. ನಾಗರಾಜ ಸಿಹಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಎಲ್ಲರಿಗೂ ಹಂಚಿದ. ಆ ದಿನ ಅವನ ಪ್ರೆಸ್ಸಿನ ಹೊಡೆತ ಬಿದ್ದದ್ದು ಸಂಜೆ, ರೇಖಾ ಅನುಮತಿ ಕೊಟ್ಟ ಮೇಲೆ. ಅದಕ್ಕೆ ಮುಂಚೆ ನಾವು ಡಬ್ಬಿಯ ಕೆಳಗೆ ಎರಡು ದಿಂಬು ಇಟ್ಟಿದ್ದೆವು.

ಪೊರೆಯನ್ನು ರೇಖಾ ಲ್ಯಾಬಿನ ಲೆನ್ಸಿನಲ್ಲಿ ನೋಡಿ, ಹೆಣ್ಣೇ ಎಂದಳು. "ಅದ್ನ ನಾನ್ ಮೊದ್ಲೇ ಏಳಿರ್ಲಿಲ್ವಾ?" ಎಂದರು ಪುಟ್ಟತಾಯಮ್ಮ. ಬಸವರಾಜ ಬಲ್ಬಿನ ಖಾಲಿ ಡಬ್ಬಿಯೊಂದಕ್ಕೆ ಗಾಜು ಕೂರಿಸಿ, ಪೊರೆಯನ್ನು ಅದರಲ್ಲಿಟ್ಟು, ಪ್ರೆಸ್ಸಿನ ಪಕ್ಕದ ಗೋಡೆಗೆ ಹೊಡೆದ. ಈಗಲೂ ಅಲ್ಲಿದೆಯಂತೆ.

ದಸರೆ ಕಳೆದು ನಾನು ಕೆಲಸಕ್ಕೆ ಹೋದೆ. ಮೊದಲ ದಿನ ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು ಅಳೆದೆ. ಮೂರು ಸಲ ಒಂದೇ ಅಳತೆ ಬಂತು. ಸೂಪರ್‌ವೈಸರು ನೋಡಿದರು, ಮುಂದೆ ಹೋದರು. ಹಾಗೆಯೇ ಹಿಡಿದು ಅಳೆಯುತ್ತಾ, ಯಾವ ದಿನ ಎಡಗೈ ಬಿಟ್ಟೆನೋ ನನಗೆ ನೆನಪಿಲ್ಲ.

ಆದರೆ ಪುಟ್ಟತಾಯಮ್ಮನವರಿಗೆ ನೆಮ್ಮದಿ ಇರಲಿಲ್ಲ. ಹೊಸ ಕೋರೆಹಲ್ಲು ಗಟ್ಟಿಯಾಗಿ ಕಪ್ಪಾಗುವವರೆಗೆ ಗೌರಿಗೆ ಏನೂ ಕೊಡುವಂತಿರಲಿಲ್ಲ. ದಿನಾ ಸಂಜೆ ನಾನು ಮೆಟ್ಟಿಲು ಹತ್ತುವಾಗ ಅವರ ಬಾಗಿಲು ತೆರೆಯುತ್ತಿತ್ತು.

"ಅಲ್ಲು ಕಪ್ಪಾಯ್ತಾ?"

"ಇಲ್ಲಮ್ಮ. ಇನ್ನೂ ಕೆಂಪಗಿದೆ."

"ಆಗ್ಲಿ, ಆಗ್ಲಿ," ಎಂದು ಬಾಗಿಲು ಮುಚ್ಚುವರು.

ಕಪ್ಪಾದದ್ದು ದೀಪಾವಳಿಯ ಹಿಂದಿನ ದಿನ. ಹಬ್ಬದ ಬೆಳಿಗ್ಗೆ ಅವರು ಎಣ್ಣೆನೀರು ಹಾಕಿಕೊಂಡು, ಹೊಸ ಸೀರೆಯುಟ್ಟು ಮೇಲೆ ಬಂದರು. ಚಿಮುಟವನ್ನು ಅವರ ಕೈಗೆ ಕೊಟ್ಟೆ. ತುದಿಯಲ್ಲಿ ಒಂದು ಚಿಮ್ಮಂಡೆ. ಈ ಸಲ ಅವರ ಕೈ, ನನ್ನ ಕಣ್ಣು.

"ಸ್ವಲ್ಪ ಎಡಕ್ಕೆ. ಇನ್ನೂ ಕೆಳಗೆ. ಅಲ್ಲೇ ನಿಲ್ಲಿಸಿ. ಈಗ ಬಿಡಿ."

ಗೌರಿ ಅರೆಕ್ಷಣ ಕಲ್ಲಿನಂತಿದ್ದಳು. ಆಮೇಲೆ ಮುಂದಿನ ನಾಲ್ಕು ಕಾಲುಗಳು ಒಟ್ಟಿಗೇ ಎದ್ದು ಹುಳುವಿನ ಮೇಲೆ ಬಂದವು. ಸಣ್ಣದು ಒಂದು ಕೂದಲೆಳೆಯಷ್ಟು ತಡವಾಗಿ ಬಂತು, ಆದರೆ ಬಂತು, ಮತ್ತು ಹಿಡಿಯಿತು.

ಪುಟ್ಟತಾಯಮ್ಮ ಚಿಮುಟವನ್ನು ಹಾಗೆಯೇ ಎತ್ತಿ ಹಿಡಿದು ನನ್ನ ಕಡೆ ಮುಖ ಮಾಡಿ ನಿಂತಿದ್ದರು.

"ತಗಂಡ್ಳಾ?"

"ತಗೊಂಡ್ಳಮ್ಮ."

"ಸಣ್ಣ ಕಾಲಲ್ಲೂವಾ?"

"ಅದರಲ್ಲೂ."

"ಸರಿ ಬಿಡು," ಎಂದು ಚಿಮುಟವನ್ನು ನನಗೆ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು. "ಬೆಳಿಗ್ಗೆಯಿಂದ ನಾನೂ ಏನೂ ತಿಂದಿಲ್ಲ. ನಡೀರಿ, ಈಗ ನಾವ್ ಉಣ್ಣಾನ."